ಲಂಕೆಯಿಂದ ಬಂದ ಮೇನಕಾ ಟೀಚರು

ಅವಳ ಹೆಸರು ಪುಂಚಿ ಮೆನಿಕೆ. ಬೈರಸಂದ್ರದವರ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. ಒಂದೆರಡು ವಾರ ಮಣಿಕಮ್ಮ ಎಂದರು, ಆಮೇಲೆ ಯಾರೋ ಮೇನಕಾ ಮಾಡಿದರು, ಅದೇ ನಿಂತುಹೋಯಿತು. ನಲವತ್ತು ದಾಟಿದ, ದಪ್ಪ ಕನ್ನಡಕದ, ಯಾವಾಗಲೂ ಬಿಳಿ ಸೀರೆ ಉಡುವ ಹೆಂಗಸನ್ನು ಮೇನಕಾ ಟೀಚರ್ ಎಂದು ಕೂಗುವಾಗ ಹುಡುಗರು ಯಾಕೆ ಕಿಸಿಕಿಸಿ ನಗುತ್ತಾರೆ ಎಂದು ಅವಳಿಗೆ ಬಹಳ ದಿನ ತಿಳಿಯಲಿಲ್ಲ. ತಿಳಿದ ದಿನ ಅವಳೂ ನಕ್ಕಳು. ಆಗಿನ್ನೂ ಅವಳು ನಗುತ್ತಿದ್ದಳು.

ಅವಳು ಬಂದದ್ದು ೧೯೭೭ರಲ್ಲಿ, ಎಮರ್ಜೆನ್ಸಿ ಮುಗಿದ ಬೇಸಿಗೆಯಲ್ಲಿ. ಲಂಕೆಯ ಊವ ಬೆಟ್ಟಗಳ ನಡುವಿನ ಒಂದು ಸಣ್ಣ ಪೇಟೆ ಅವಳ ಊರು. ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರಿಂದ ಮದುವೆಯ ಮಾತು ಮುಂದಕ್ಕೆ ಹೋಗುತ್ತಾ ಹೋಗುತ್ತಾ ನಿಂತೇ ಹೋಯಿತು. ತಾಯಿ ತೀರಿಕೊಂಡ ವರ್ಷ, ಹುಣ್ಣಿಮೆಯ ಉಪದೇಶದಲ್ಲಿ ಒಬ್ಬ ವೃದ್ಧ ಭಿಕ್ಷು ಹೇಳಿದರು: ಇಂಡಿಯಾದಲ್ಲಿ ಹೊಸದಾಗಿ ಬುದ್ಧನ ಕಡೆಗೆ ಬಂದ ಬಡವರಿದ್ದಾರೆ, ಅವರ ಮಕ್ಕಳಿಗೆ ಪಂಚಶೀಲ ಕಲಿಸುವವರಿಲ್ಲ, ಸಂಬಳವಿಲ್ಲದೆ ಹೋಗಿ ಐದು ವರ್ಷ ಇರುವವರು ಯಾರಾದರೂ ಇದ್ದೀರಾ? ಮೆನಿಕೆ ಎದ್ದು ನಿಂತಳು. ಅವಳ ಅಣ್ಣ ಟಿಕಿರಿ ಬಂಡಾ ಪೇಟೆಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವನು. "ಇಲ್ಲಿ ಪುಣ್ಯ ಮಾಡೋಕೆ ಜಾಗ ಇಲ್ಲವೇ?" ಎಂದು ಗೊಣಗಿದ. ಆದರೂ ರೈಲಿನ ತನಕ ಬಂದು ಕಳಿಸಿದ.

ಕರೆಸಿಕೊಂಡವನು ಪಿಳ್ಳಣ್ಣ. ಬಟ್ಟೆ ಗಿರಣಿಯಲ್ಲಿ ಕೂಲಿ, ಬೈರಸಂದ್ರದ ಕೆಳಗಿನ ಕಾಲೊನಿಯವನು. ಆ ಕಾಲೊನಿಯ ಕೆಲವು ಮನೆಯವರು ಆಗಷ್ಟೇ ದೀಕ್ಷೆ ತೆಗೆದುಕೊಂಡು ತಗಡಿನ ಒಂದು ಶೆಡ್ಡು ಹಾಕಿ, ಒಳಗೆ ಸಿಮೆಂಟಿನ ಬುದ್ಧನನ್ನು ಕೂರಿಸಿದ್ದರು. ಟೀಚರಿಗೆ ಕಾಲೊನಿಯಲ್ಲಿ ಒಳ್ಳೆಯ ಮನೆ ಸಿಗಲಿಲ್ಲವೆಂದು ಪಿಳ್ಳಣ್ಣ ಊರೊಳಗೆ ಚಿಕ್ಕಬೈರಪ್ಪನ ವಠಾರದಲ್ಲಿ ಒಂದು ರೂಮು ಹಿಡಿದ. ಚಿಕ್ಕಬೈರಪ್ಪನ ರಾಗಿಹೊಲವೆಲ್ಲ ಲೇಔಟಿಗೆ ಹೋಗಿ, ಕೈಗೆ ಬಂದ ದುಡ್ಡಿನಲ್ಲಿ ಸಾಲಾಗಿ ಹೆಂಚಿನ ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಫಾರಿನ್ ಟೀಚರು ಎಂದು ಕೇಳಿ ಸಂತೋಷದಿಂದಲೇ ಒಪ್ಪಿದ. "ಒಂದೇ ಮಾತು ಪಿಳ್ಳಣ್ಣ. ಪಾಠ ಗೀಠ ಎಲ್ಲ ನಿಮ್ ಶೆಡ್ಡಲ್ಲೇ ಇಟ್ಕೊಳ್ಳಿ. ಕಾಲೊನಿ ಮಕ್ಳು ವಠಾರದೊಳಗೆ ಬರೋದು ಬೇಡ" ಎಂದ. ಪಿಳ್ಳಣ್ಣ ತಲೆಯಾಡಿಸಿದ. ಕನ್ನಡ ಬಾರದ ಮೆನಿಕೆ ಇಬ್ಬರಿಗೂ ಕೈಮುಗಿದಳು.

ಬೆಂಗಳೂರಿನ ಚಳಿಗೆ ಅವಳು ಹೆದರಲಿಲ್ಲ, ಅವಳ ಬೆಟ್ಟದೂರಿನಲ್ಲೂ ಅಷ್ಟೇ ಚಳಿ. ಕಷ್ಟವಾದದ್ದು ನೀರು. ಊರಿನಲ್ಲಿ ಮನೆಯ ಹಿಂದೆಯೇ ಬಂಡೆಯಿಂದ ಹಗಲಿರುಳು ನೀರು ಬೀಳುತ್ತಿತ್ತು. ಇಲ್ಲಿ ದಿನ ಬಿಟ್ಟು ದಿನ, ಬೆಳಕು ಹರಿಯುವ ಹೊತ್ತಿಗೆ ಬೀದಿ ನಲ್ಲಿ ಸುಯ್ ಎನ್ನುತ್ತಿತ್ತು, ಬಿಂದಿಗೆಗಳ ಸಾಲು ಜಗಳವಾಡುತ್ತಿತ್ತು. ಮುದ್ದೆಯನ್ನು ಅಗಿದು ತಿನ್ನಲು ಹೋಗಿ ಪಿಳ್ಳಣ್ಣನ ಹೆಂಡತಿ ಮುನಿಯಕ್ಕನಿಂದ ಬೈಸಿಕೊಂಡಳು. "ಅಗೀಬ್ಯಾಡಿ ಟೀಚರಮ್ಮ, ನುಂಗಿ! ಹಂಗೆ ಜಾರ್‍ಸಿಬಿಡಿ ಒಳಕ್ಕೆ!" ಎಂದು ಮುನಿಯಕ್ಕ ತನ್ನ ಗಂಟಲನ್ನೇ ತೋರಿಸಿ ಕಲಿಸಿದಳು. ಸೀಮೆಎಣ್ಣೆ ಕ್ಯೂ, ಅಂಗಡಿಯ ಚೌಕಾಶಿ, ಜಯನಗರದ ಬಸ್ಸಿನ ನೂಕಾಟ ಒಂದೊಂದೇ ಅಭ್ಯಾಸವಾದವು.

ಒಂದು ಮಾತ್ರ ಅರ್ಥವಾಗಲಿಲ್ಲ. ಬೆಳಿಗ್ಗೆ ನಲ್ಲಿಯ ಹತ್ತಿರ ಹೆಂಗಸರು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಚಿಕ್ಕಬೈರಪ್ಪನ ತಾಯಿ ಬೈರಮ್ಮ ಜಗಲಿಯ ಮೇಲೆ ಕೂತವಳು ಇವಳು ಬಾಗಿಲು ತೆಗೆದ ಸದ್ದಾದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಕೊನೆಗೆ ಮುನಿಯಕ್ಕನೇ ಬಾಯಿಬಿಟ್ಟಳು.

"ಬಿಳೀ ಸೀರೆ ನೋಡಿ ಗಂಡ ಸತ್ತವರು ಅಂದ್ಕೊಂಡವ್ರೆ. ಬೆಳಗ್ಗೆ ಎದ್ದು ಮೊದಲು ನಿಮ್ ಮುಖ ಕಂಡ್ರೆ ಆಗಲ್ಲ ಅಂತ."

ಅವಳ ಊರಿನಲ್ಲಿ ಬಿಳಿ ಉಡುವುದು ವ್ರತ ಹಿಡಿದವರು. ಶುಭ್ರವಾದ ಬಟ್ಟೆಯೆಂದರೆ ಶುಭ್ರವಾದ ಮನಸ್ಸು. ಮೆನಿಕೆ ಅಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಮಾರನೆಯ ವಾರ ತಿಳಿನೀಲಿಯ ಎರಡು ಸೀರೆ ಕೊಂಡು ತಂದು ನೀರಿಗೆ ಹೋಗುವಾಗ ಅದನ್ನು ಉಟ್ಟಳು. ಭಾನುವಾರ ಶೆಡ್ಡಿಗೆ ಮಾತ್ರ ಬಿಳಿ. ಬೈರಮ್ಮ ಜಗಲಿಯ ಮೇಲೆ ಕೂತೇ ಇರತೊಡಗಿದಳು.

ನೀಲಿ ಸೀರೆಯ ಆ ದಿನಗಳಲ್ಲೇ ಒಂದು ಮುಂಜಾನೆ ತುಂಬಿದ ಬಿಂದಿಗೆ ಎತ್ತಿಕೊಂಡು ಹೊರಟವಳು ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ಬೀಳುವಾಗ ತನ್ನ ಭಾಷೆಯಲ್ಲೇ ಅಮ್ಮಾ ಎಂದು ಕೂಗಿರಬೇಕು. ಹಿಂದಿನಿಂದ ಒಂದು ಕೈ ತೋಳು ಹಿಡಿಯಿತು. ಅಪ್ಪಟ ಸಿಂಹಳದಲ್ಲಿ, ತನ್ನ ಪೇಟೆಯ ರಾಗದಲ್ಲೇ ಒಂದು ದನಿ ಕೇಳಿತು: "ಹುಷಾರು ಅಕ್ಕಾ, ನಿಧಾನ."

ಮೆನಿಕೆ ತಿರುಗಿ ನೋಡಿದಳು. ಸಣಕಲು ಹೆಂಗಸು, ಬೆರಳ ತುದಿಗಳೆಲ್ಲ ಊದುಬತ್ತಿಯ ಮಸಾಲೆಯಿಂದ ಕಪ್ಪಾಗಿದ್ದವು.

ಅವಳು ಚೂಡಾಮಣಿ. ತಮಿಳರವಳು, ಆದರೆ ಹುಟ್ಟಿ ಬೆಳೆದದ್ದು ಲಂಕೆಯ ಚಹಾ ತೋಟದಲ್ಲಿ. ಅಜ್ಜನ ಕಾಲದಲ್ಲೇ ಹೋದವರು. ಎರಡು ಸರ್ಕಾರಗಳು ಸೇರಿ, ನೀವು ಇಂಡಿಯಾದವರು, ವಾಪಸ್ಸು ಹೋಗಿ ಎಂದು ಮಾಡಿದ ಒಪ್ಪಂದದಲ್ಲಿ ಗಂಡನ ಜೊತೆ ಹಡಗು ಹತ್ತಿ, ಎಂದೂ ಕಾಣದ ಸ್ವದೇಶಕ್ಕೆ ಬಂದಿಳಿದಿದ್ದಳು. ಗಂಡ ಸುಳ್ಯದ ಕಡೆಯ ರಬ್ಬರ್ ತೋಟದಲ್ಲಿ ಜ್ವರ ಬಂದು ಹೋದ. ಇವಳು ನೆಂಟರ ನೆರಳು ಹಿಡಿದು ಬೆಂಗಳೂರಿಗೆ ಬಂದು, ಕಾಲೊನಿಯ ಅಂಚಿನಲ್ಲಿ ಒಂದು ಗುಡಿಸಲು ಹಿಡಿದು ಊದುಬತ್ತಿ ಹೊಸೆಯುತ್ತಿದ್ದಳು. ತಂಗಿ ವಳ್ಳಿ ಮಾತ್ರ ಅಲ್ಲೇ ಉಳಿದಿದ್ದಳು, ಅವಳ ಗಂಡನಿಗೆ ಲಂಕೆಯ ಪೌರತ್ವ ಸಿಕ್ಕಿತ್ತು. ಅವರದು ಪೇಟೆಯಲ್ಲಿ ಇಸ್ತ್ರಿ ಅಂಗಡಿ.

"ಯಾವ ಪೇಟೆ?" ಎಂದು ಮೆನಿಕೆ ಕೇಳಿದಳು.

ಚೂಡಾಮಣಿ ಹೆಸರು ಹೇಳಿದಳು. ಇಬ್ಬರೂ ನಲ್ಲಿಕಟ್ಟೆಯ ಮೇಲೆ ಕೂತುಬಿಟ್ಟರು. ಟಿಕಿರಿ ಬಂಡಾನ ದಿನಸಿ ಅಂಗಡಿಯ ಎದುರಿಗಿದ್ದ ಇಸ್ತ್ರಿ ಅಂಗಡಿ ಅದು. ಶಾಲೆಗೆ ಉಡುವ ಸೀರೆಗಳನ್ನು ಮೆನಿಕೆ ಅಲ್ಲೇ ಕೊಡುತ್ತಿದ್ದಳು.

ಅಲ್ಲಿಂದ ಮುಂದೆ ಐದು ವರ್ಷ ಬೆಂಗಳೂರು ಅವಳಿಗೆ ಪರದೇಶ ಎನಿಸಲಿಲ್ಲವೆಂದರೆ ಅದಕ್ಕೆ ಚೂಡಾಮಣಿಯೇ ಕಾರಣ. ಸಂಜೆ ಪಾಠ ಮುಗಿಸಿ ಅವಳ ಗುಡಿಸಲಿಗೆ ಹೋಗಿ, ತಾನೂ ಹಲಗೆಯ ಮುಂದೆ ಕೂತು ಬತ್ತಿ ಹೊಸೆಯುತ್ತಾ ಸಿಂಹಳದಲ್ಲಿ ಹರಟುತ್ತಿದ್ದಳು. ಅಲ್ಲಿಂದ ಓಡಿಸಿದವರು ಇವಳ ಜನ, ಓಡಿಸಿಕೊಂಡವಳು ಅವಳು. ಅದನ್ನು ಮೆನಿಕೆ ಒಮ್ಮೆ ಬಾಯಿಬಿಟ್ಟು ಹೇಳಿದ್ದಳು. ಚೂಡಾಮಣಿ, "ನೀವೇನು ಸಹಿ ಹಾಕಿದ್ರಾ ಅಕ್ಕಾ?" ಎಂದು ನಕ್ಕಿದ್ದಳು. ಅಕ್ಕಾ ಎನ್ನುವುದು ಸಿಂಹಳದಲ್ಲೂ ಅಕ್ಕಾ, ತಮಿಳಿನಲ್ಲೂ ಅಕ್ಕಾ, ಬೈರಸಂದ್ರದಲ್ಲೂ ಅಕ್ಕಾ.

ಮೆನಿಕೆಯ ಕೆಲಸ ಕುಂಟುತ್ತಾ ಸಾಗಿತ್ತು. ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಮಕ್ಕಳಿಗೆ ಪಂಚಶೀಲ, ಬುದ್ಧನ ಕತೆ, ಜೊತೆಗೆ ಮಗ್ಗಿ, ಇಂಗ್ಲಿಷ್ ಅಕ್ಷರ. ವಾರದ ಉಳಿದ ದಿನ ಮನೆಮನೆಗೆ ಹೋಗುವುದು, ಕಾಯಿಲೆಯವರ ಹತ್ತಿರ ಕೂರುವುದು. ಮೊದಮೊದಲು ಮಕ್ಕಳಿಗೆ ಅಮ್ಮ ಎದ್ದಾಗ ಮನೆಯವರು ಬಾಗಿಲಿಗೆ ಬೇವು ಕಟ್ಟಿ ದೇವಿಗೆ ಹರಕೆ ಹೊರುವುದನ್ನು ಕಂಡು ಗದರಿದ್ದಳು. ಒಂದು ತಿಂಗಳು ಶೆಡ್ಡಿಗೆ ಯಾರೂ ಬರಲಿಲ್ಲ. ಪಿಳ್ಳಣ್ಣ ಬಂದು, "ಟೀಚರಮ್ಮ, ಬುದ್ಧನೂ ಇರ್ಲಿ, ಅಮ್ಮನೂ ಇರ್ಲಿ. ನಮಗೆ ಇಬ್ರೂ ಬೇಕಾಗ್ತಾರೆ" ಎಂದ. ಅವಳು ಸುಮ್ಮನಾದಳು. ಕಾಲೊನಿಯ ತಮಿಳು ಮಕ್ಕಳೂ ಬಂದು ಸೇರಿಕೊಂಡರು. ಐದು ವರ್ಷದ ಹರಕೆ ಮುಗಿದರೂ ಅವಳು ಊರಿಗೆ ಹೋಗಲಿಲ್ಲ. ಇಲ್ಲಿ ಇರುವ ಪರವಾನಗಿಯನ್ನು ಇನ್ನೊಂದು ವರ್ಷಕ್ಕೆ ಬೆಳೆಸಿಕೊಂಡಳು.

೧೯೮೩ರ ಜುಲೈ ಕೊನೆಯಲ್ಲಿ ರೇಡಿಯೋ ವಾರ್ತೆಯಲ್ಲಿ ಕೊಲಂಬೊ ಹೊತ್ತಿ ಉರಿಯುತ್ತಿದೆ ಎಂದು ಬಂತು. ತಮಿಳರ ಮನೆ, ಅಂಗಡಿ, ಆಮೇಲೆ ಬೆಟ್ಟದ ಮೇಲಿನ ಪೇಟೆಗಳು. ಬೈರಸಂದ್ರದ ಹೋಟೆಲಿನಲ್ಲಿ ಪೇಪರು ಓದುವವರು ಕೂಗಿ ಓದತೊಡಗಿದರು. ತಿಲಕನಗರದ ಕಡೆ ಹುಡುಗರು ಕಪ್ಪು ಬಾವುಟ ಕಟ್ಟಿದರು. ಆ ಭಾನುವಾರ ಶೆಡ್ಡಿಗೆ ತಮಿಳು ಮಕ್ಕಳು ಒಬ್ಬರೂ ಬರಲಿಲ್ಲ. ಬಂದ ನಾಲ್ಕು ಮಕ್ಕಳಿಗೆ ಮೆನಿಕೆ ಪಾಠ ಶುರು ಮಾಡಿದ್ದಳಷ್ಟೆ, ತಗಡಿನ ಮೇಲೆ ದಡಬಡ ಕಲ್ಲು ಬಿದ್ದವು. "ಸಿಂಹಳದೋಳು ಇಲ್ಯಾಕಿರ್ಬೇಕು?" ಎಂದು ಯಾರೋ ಕಿರುಚಿದರು. ಒಂದು ಕಲ್ಲು ಬಾಗಿಲಿನಿಂದ ಒಳಗೆ ಬಂದು ಸಿಮೆಂಟಿನ ಬುದ್ಧನ ಮೊಣಕಾಲಿಗೆ ತಗುಲಿ ಚಕ್ಕೆ ಎದ್ದಿತು. ಪಿಳ್ಳಣ್ಣ ದೊಣ್ಣೆ ಹಿಡಿದು ಹೊರಗೆ ಓಡಿದ. ಮೆನಿಕೆ ಮಕ್ಕಳನ್ನು ಗೋಡೆಗೆ ಒತ್ತಿ ಅಡ್ಡ ನಿಂತಳು.

ಸಂಜೆ ಚಿಕ್ಕಬೈರಪ್ಪ ಬಂದ. ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

"ನಂಗೇನೂ ದ್ವೇಷ ಇಲ್ಲ ಟೀಚರಮ್ಮ. ಆದ್ರೆ ಹೆಂಚು ನಂದು, ಅಲ್ವಾ? ನಾಳೆ ಇಲ್ಲೂ ಕಲ್ಲು ಬಿದ್ರೆ ಬೇರೆ ಬಾಡಿಗೆಯವರು ಎದ್ದೋಗ್ತಾರೆ. ಆಗಸ್ಟ್ ಕೊನೇವರೆಗೂ ಇರಿ."

ಅವಳು ಆಗಲಿ ಎಂದಳು. ಅವಳ ಮನಸ್ಸು ಅಲ್ಲಿರಲಿಲ್ಲ. ಗಲಭೆಯ ಸುದ್ದಿ ಬಂದ ದಿನದಿಂದ ಚೂಡಾಮಣಿ ಗುಡಿಸಲಿನ ಬಾಗಿಲು ಹಾಕಿಕೊಂಡಿದ್ದಳು. ಮೆನಿಕೆ ಎರಡು ಸಲ ಹೋಗಿ ಕರೆದು ಬಂದಿದ್ದಳು.

ಆಗಸ್ಟ್ ನಡುವೆ ಒಂದು ಮಧ್ಯಾಹ್ನ ಚೂಡಾಮಣಿಯೇ ವಠಾರಕ್ಕೆ ಬಂದಳು. ತಲೆ ಬಾಚಿರಲಿಲ್ಲ. ಕೈಯಲ್ಲಿ ಮುದುರಿದ ಟೆಲಿಗ್ರಾಂ. ತಂಗಿ ವಳ್ಳಿ, ಅವಳ ಗಂಡ ಇಬ್ಬರೂ ಅಂಗಡಿಯೊಳಗೇ ಸುಟ್ಟುಹೋದರೆಂದು ಯಾರೋ ನೆಂಟರು ಕಳಿಸಿದ್ದರು. ಹನ್ನೆರಡು ವರ್ಷದ ಮಗಳು ಸೆಲ್ವಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಮೆನಿಕೆ ಸಿಂಹಳದಲ್ಲಿ ಏನೋ ಹೇಳಲು ಬಾಯಿ ತೆರೆದಳು. ಚೂಡಾಮಣಿ ಕೈಯೆತ್ತಿ ತಡೆದಳು.

"ಆ ಭಾಷೆ ಬೇಡ ಟೀಚರಮ್ಮ. ಕನ್ನಡದಲ್ಲಿ ಹೇಳಿ."

ಐದು ವರ್ಷದಲ್ಲಿ ಅವಳು ಟೀಚರಮ್ಮ ಎಂದದ್ದು ಅದೇ ಮೊದಲು.

"ನಿಮ್ಮಣ್ಣನ ಅಂಗಡಿ ಎದುರಿಗೇ ತಾನೆ?" ಎಂದಳು ಚೂಡಾಮಣಿ. "ಅಲ್ಲಿ ಫೋನ್ ಐತೆ ಅಂದಿದ್ರಿ. ಕೇಳಿ. ಹುಡುಗಿ ಎಲ್ಲಿ ಅಂತ ಕೇಳಿ."

ಮಾರನೆಯ ಬೆಳಿಗ್ಗೆ ಇಬ್ಬರೂ ಜಯನಗರ ಕಾಂಪ್ಲೆಕ್ಸಿನ ಹತ್ತಿರದ ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿದರು. ಬೆಂಚಿನ ಮೇಲೆ ಕಾದು ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿತ್ತು. ಕಾಂಪ್ಲೆಕ್ಸಿಗೆ ಬಂದ ಜನ ತರಕಾರಿ ಚೀಲ ಹಿಡಿದು ಓಡಾಡುತ್ತಿದ್ದರು. ಹೊತ್ತು ನೆತ್ತಿ ದಾಟಿದ ಮೇಲೆ ಗುಮಾಸ್ತ, "ಸಿಲೋನ್ ಲೈನ್ ಯಾರದ್ರಿ?" ಎಂದು ಕೂಗಿದ.

ಮೆನಿಕೆ ಬೂತಿನೊಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಚೂಡಾಮಣಿ ಅದಕ್ಕೆ ಒರಗಿ ನಿಂತಳು.

ಅಣ್ಣನ ದನಿ ಬಾವಿಯೊಳಗಿಂದ ಬಂದಂತೆ ಬಂತು. ಮೊದಲು ಸಂತೋಷಪಟ್ಟ, ನೀನು ಹೇಗಿದ್ದೀಯ, ಅಲ್ಲಿ ನಿನಗೇನೂ ತೊಂದರೆಯಿಲ್ಲವಲ್ಲ ಎಂದ.

"ಅಣ್ಣಾ, ಎದುರಿನ ಇಸ್ತ್ರಿ ಅಂಗಡಿಯ ಹುಡುಗಿ ಎಲ್ಲಿ?"



"ಅದನ್ನ ಕೇಳೋಕೆ ಅಷ್ಟು ದೂರದಿಂದ ಫೋನ್ ಮಾಡಿದೆಯಾ?"

"ಹುಡುಗಿ ಎಲ್ಲಿ?"

"ಗೊತ್ತಿಲ್ಲ. ಓಡಿಹೋಯಿತು ಅಂದರು. ಶಿಬಿರದಲ್ಲಿರಬಹುದು. ಮೆನಿಕೆ, ನೀನಿಲ್ಲಿ ಇರಲಿಲ್ಲ. ಲಾರಿಯಲ್ಲಿ ಬಂದರು, ನಮ್ಮೂರವರೇ ಅಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ಹಚ್ಚಿಕೊಂಡು ಹೋದರು."

"ವಳ್ಳಿಯವರು ನಿನ್ನ ಬಾಗಿಲಿಗೆ ಬರಲಿಲ್ಲವೇ? ರಸ್ತೆ ದಾಟಿದರೆ ನಿನ್ನ ಬಾಗಿಲು."

 

"ಬಂದರು" ಎಂದ ಅಣ್ಣ. "ತಟ್ಟಿದರು. ನನ್ನ ಮನೆಯಲ್ಲೂ ಹೆಂಗಸರು ಮಕ್ಕಳು ಇದ್ದರು. ನಾನು ತೆಗೆಯಲಿಲ್ಲ, ಅವರು ವಾಪಸ್ಸು ಅಂಗಡಿಯೊಳಗೇ ಹೋದರು. ನೀನಾಗಿದ್ದರೆ ತೆಗೆಯುತ್ತಿದ್ದೆಯಾ? ಹೇಳು, ತೆಗೆಯುತ್ತಿದ್ದೆಯಾ?"

ಆಪರೇಟರು ನಡುವೆ ಬಂದು ಸಮಯವಾಯಿತೆಂದಳು. ಲೈನು ಸತ್ತಿತು.

ಮೆನಿಕೆ ಫೋನನ್ನು ಕೈಯಲ್ಲೇ ಹಿಡಿದು ನಿಂತಳು. ಸರಿಯಾಗಿ ಕೇಳಿಸಲಿಲ್ಲ ಎಂದುಬಿಡಬಹುದೇ ಎಂಬ ಯೋಚನೆ ಬಂತು. ಪ್ರತಿ ಭಾನುವಾರ ಮಕ್ಕಳ ಬಾಯಲ್ಲಿ, ಸುಳ್ಳು ಹೇಳುವುದಿಲ್ಲ ಎಂದು ಹೇಳಿಸುವವಳಿಗೆ ಅದು ಅಷ್ಟು ಸುಲಭವಾಗಿ ಬಂತು. ಆದರೆ ಬೂತಿನ ಬಾಗಿಲಿಗೆ ಒರಗಿ ನಿಂತವಳಿಗೆ ಸಿಂಹಳ ಬರುತ್ತಿತ್ತು. ಅಣ್ಣ ಹೇಳಿದ್ದು ಕಿವಿಗೆ ಬೀಳದಿದ್ದರೂ ಮೆನಿಕೆ ಕೇಳಿದ ಪ್ರಶ್ನೆ ಬಿದ್ದಿತ್ತು.

ಇಬ್ಬರೂ ಬಿಸಿಲಿನಲ್ಲಿ ಬೈರಸಂದ್ರದ ದಾರಿ ಹಿಡಿದರು. ಈಸ್ಟ್ ಎಂಡ್ ರಸ್ತೆ ದಾಟಿದರು.

"ತೆಗೆದ್ರಾ?" ಎಂದು ಚೂಡಾಮಣಿ ಕೇಳಿದಳು.

"ಇಲ್ಲ."

ಇನ್ನಷ್ಟು ದೂರ ನಡೆದರು. ರಸ್ತೆ ಬದಿಯಲ್ಲಿ ಎಮ್ಮೆಗಳು ಮಲಗಿದ್ದವು, ಸೈಟುಗಳ ಗುರುತಿನ ಕಲ್ಲುಗಳ ನಡುವೆ ಹುಡುಗರು ಗೋಲಿ ಆಡುತ್ತಿದ್ದರು.

"ಎಷ್ಟು ಹೊತ್ತು ತಟ್ಟಿದ್ರಂತೆ?"

ಮೆನಿಕೆ ನಿಂತುಬಿಟ್ಟಳು. "ಅದನ್ನ ಕೇಳಲಿಲ್ಲ."

"ಕೇಳಬೇಕಾಗಿತ್ತು" ಎಂದು ಚೂಡಾಮಣಿ ಮುಂದೆ ನಡೆದಳು. ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಳು, ಹಿಂದಿರುಗಿ ನೋಡಲಿಲ್ಲ. ಮೆನಿಕೆ ಅವಳ ಹಿಂದೆ ಹೋಗುವ ಧೈರ್ಯ ಮಾಡದೆ ಎಮ್ಮೆಗಳ ಹತ್ತಿರ ಬಹಳ ಹೊತ್ತು ನಿಂತಿದ್ದಳು.

ತಿಂಗಳ ಕೊನೆಗೆ ಅವಳು ವಠಾರ ಬಿಟ್ಟು ಮುನಿಯಕ್ಕನ ಮನೆಯ ಹಿಂದಿನ ಚಪ್ಪರಕ್ಕೆ ಬಂದಳು. ಮುನಿಯಕ್ಕ ಕೋಳಿಗಳನ್ನು ಆಚೆ ಕಟ್ಟಿ, ನೆಲ ಸಾರಿಸಿ ಚಾಪೆ ಹಾಸಿಕೊಟ್ಟಳು. ಚೂಡಾಮಣಿಯ ಗುಡಿಸಲು ಅಲ್ಲಿಂದ ಕಾಣುತ್ತಿತ್ತು. ಎದುರಾದಾಗ ಚೂಡಾಮಣಿ ತಲೆತಗ್ಗಿಸಿ ಹೋಗುತ್ತಿದ್ದಳು. ಬೈದಿದ್ದರೆ, ಹೊಡೆದಿದ್ದರೆ ಮೆನಿಕೆ ತಡೆದುಕೊಳ್ಳುತ್ತಿದ್ದಳು. ಊರಿನವರು ಕಲ್ಲು ಎಸೆಯುವುದನ್ನು ಎರಡೇ ವಾರದಲ್ಲಿ ಮರೆತರು, ಮಕ್ಕಳು ಒಬ್ಬೊಬ್ಬರಾಗಿ ಶೆಡ್ಡಿಗೆ ಮರಳಿದರು. ಆದರೆ ಪಾಠದ ಕೊನೆಗೆ ಎಲ್ಲ ಜೀವಿಗಳೂ ಸುಖವಾಗಿರಲಿ ಎಂದು ಹೇಳಿಸುವ ಪ್ರಾರ್ಥನೆಗೆ ಬಂದಾಗ ಅವಳು ಮೊದಲ ಸಾಲನ್ನು ಶುರು ಮಾಡಿ ನಿಲ್ಲಿಸುತ್ತಿದ್ದಳು. ಮಕ್ಕಳು ಮುಖ ಮುಖ ನೋಡಿಕೊಂಡು ತಾವೇ ಮುಗಿಸುತ್ತಿದ್ದರು. ಕೆಲವು ವಾರಗಳಾದ ಮೇಲೆ ಆ ಪ್ರಾರ್ಥನೆಯನ್ನೇ ಬಿಟ್ಟು ಮಗ್ಗಿ ಹೇಳಿಸಿ ಮನೆಗೆ ಕಳಿಸತೊಡಗಿದಳು.

"ಯಾಕೆ ಟೀಚರಮ್ಮ, ಮಂತ್ರ ಹೇಳಿಸ್ತಿಲ್ವಂತೆ?" ಎಂದು ಪಿಳ್ಳಣ್ಣ ಕೇಳಿದ.

"ಬಾಯಿಗೆ ಬರ್ತಾ ಇಲ್ಲ ಪಿಳ್ಳಣ್ಣ."



ಮರುವರ್ಷ ಬೇಸಿಗೆಯಲ್ಲಿ ಸೆಲ್ವಿ ಬಂದಳು. ಶಿಬಿರದಿಂದ ಶಿಬಿರಕ್ಕೆ, ಕೊನೆಗೆ ರಾಮೇಶ್ವರದ ದಡಕ್ಕೆ, ಅಲ್ಲಿಂದ ಯಾರದೋ ಕೈಹಿಡಿದು ದೊಡ್ಡಮ್ಮನನ್ನು ಹುಡುಕಿಕೊಂಡು ಬಂದಿದ್ದಳು. ಎಡಗೈ ಮೊಣಕೈವರೆಗೂ ಸುಟ್ಟು ಚರ್ಮ ಸುಕ್ಕುಗಟ್ಟಿತ್ತು. ಮಾತು ಆಡುತ್ತಿರಲಿಲ್ಲ. ದೊಡ್ಡಮ್ಮನ ಪಕ್ಕ ಕೂತು ಬಿದಿರು ಕಡ್ಡಿಗಳನ್ನು ಜೋಡಿಸಿಕೊಡುತ್ತಿದ್ದಳಂತೆ. ಹುಡುಗಿ ಬದುಕಿದ್ದಾಳೆಂದು ಮುನಿಯಕ್ಕನಿಂದ ಕೇಳಿದ ದಿನ ಮೆನಿಕೆ ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಉಂಡಳು. ಹೋಗಿ ನೋಡಲಿಲ್ಲ. ಕರೆಯದೆ ಹೋಗುವುದು ಸರಿಯಲ್ಲವೆಂದು ತಡೆದುಕೊಂಡಳು.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಹುಡುಗಿ ತಾನಾಗಿ ಎದುರಾದಳು. ಖಾಲಿ ಚಿಕ್ಕ ಬಿಂದಿಗೆಯನ್ನು ಬಲಗೈಯಲ್ಲಿ ಹಿಡಿದಿದ್ದಳು. ಮೆನಿಕೆ ಸಿಂಹಳ ಬಾಯಿಗೆ ಬರದ ಹಾಗೆ ಎಚ್ಚರ ವಹಿಸಿ, ಕನ್ನಡದಲ್ಲೇ, ಮೆಲ್ಲಗೆ, "ಊಟ ಆಯ್ತಾ ಮಗು?" ಎಂದಳು.

ಹುಡುಗಿ ತಲೆಯೆತ್ತಿ ನೋಡಿದಳು. ಬಿಂದಿಗೆ ಜಾರಿ ಬಿತ್ತು. ಅವಳ ಬಾಯಿ ತೆರೆದುಕೊಂಡಿತು, ಮೊದಲು ದನಿ ಬರಲಿಲ್ಲ. ಆಮೇಲೆ ಬಂದ ಕೂಗಿಗೆ ಬೀದಿಯ ಹೆಂಗಸರೆಲ್ಲ ಹೊರಗೆ ಓಡಿಬಂದರು. ಹುಡುಗಿ ಹಿಂದೆ ಹಿಂದೆ ಸರಿದು ಚರಂಡಿಯ ಅಂಚಿಗೆ ಬಿದ್ದು, ಅಲ್ಲಿಂದ ಎದ್ದು ಓಡಿದಳು. ಅವಳು ನಿಂತಿದ್ದ ಜಾಗದಲ್ಲಿ ನೆಲ ಒದ್ದೆಯಾಗಿತ್ತು.

ಎರಡು ಮೂರು ದಿನ ಬಿಟ್ಟು ಚೂಡಾಮಣಿ ಚಪ್ಪರದ ಹತ್ತಿರ ಬಂದಳು. ಕೂರಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ನಿಮ್ಮ ಮುಖ, ನಿಮ್ಮಣ್ಣನ ಮುಖ ಒಂದೇ ಅಂತೆ. ಅವರು ಕಿಟಕಿಯಿಂದ ನೋಡಿ ಪರದೆ ಎಳೆದ್ರಂತೆ. ಅದೊಂದೇ ಅದು ಹೇಳೋದು, ಬೇರೆ ಮಾತಿಲ್ಲ. ಅನ್ನ ತಿಂತಿಲ್ಲ ಮಗು."

ಮೆನಿಕೆ ಎದ್ದು ನಿಂತಳು.

"ನೀವು ಕೆಟ್ಟೋರಲ್ಲ" ಎಂದಳು ಚೂಡಾಮಣಿ. "ನಂಗೊತ್ತು. ಆದ್ರೆ ಈ ಬೀದೀಲಿ ಇರಬೇಡಿ."

ಅವಳು ಹೋದ ಮೇಲೆ ಮೆನಿಕೆ ಮುನಿಯಕ್ಕನ ಮನೆಯ ಗೋಡೆಯಲ್ಲಿದ್ದ ಸಣ್ಣ ಕನ್ನಡಿಯ ಮುಂದೆ ನಿಂತಳು. ಅಗಲ ಹಣೆ, ಒಂದಕ್ಕೊಂದು ಕೂಡುವ ಹುಬ್ಬು, ಮುಂದೆ ಬಂದ ಕೆಳದುಟಿ. ತಂದೆಯದು ಇದೇ ಮುಖ, ಅಣ್ಣನದೂ ಇದೇ. ಒಂದು ಕಾಲಕ್ಕೆ ನೀಲಿ ಸೀರೆ ಉಟ್ಟು ಈ ಬೀದಿಯ ಭಯವನ್ನು ಕಳೆದಿದ್ದಳು. ಮುಖವನ್ನು ಏನು ಮಾಡುವುದು?

ಊರಿಗೆ ಹೋಗಬಹುದಿತ್ತು. ಅಣ್ಣ ಕಾಗದ ಬರೆದು ಬರಹೇಳಿದ್ದ, ಕೋಣೆ ಖಾಲಿಯಿದೆ ಎಂದಿದ್ದ. ಆ ಮನೆಗೆ ಹೋದರೆ ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು, ಅಗುಳಿ ಹಾಕುವ ಸದ್ದು ದಿನವೂ ಕೇಳಬೇಕು. ಅವಳು ಉತ್ತರ ಬರೆಯಲಿಲ್ಲ.

ಪಿಳ್ಳಣ್ಣನ ಗುರುತಿನ ನಾಗಲಕ್ಷ್ಮಮ್ಮ ಎಂಬಾಕೆ ವಿಲ್ಸನ್ ಗಾರ್ಡನ್ನಿನಲ್ಲಿದ್ದಳು, ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಆಯಾ. ತನ್ನ ಹಿತ್ತಲಿನ ರೂಮನ್ನು ಬಿಟ್ಟುಕೊಟ್ಟಳು. ಮುನಿಯಕ್ಕ ಟ್ರಂಕು ಹೊತ್ತು ಬಸ್ ಸ್ಟಾಪಿನ ತನಕ ಬಂದಳು. ದಾರಿಯುದ್ದಕ್ಕೂ ಮೂಗು ಒರೆಸಿಕೊಂಡಳೇ ಹೊರತು ಇರಿ ಎನ್ನಲಿಲ್ಲ. ಶೆಡ್ಡಿನ ಪಾಠ ಅಲ್ಲಿಗೆ ನಿಂತಿತು. ಆಮೇಲೆ ಅಲ್ಲಿ ಸೌದೆ ತುಂಬಿದರೆಂದು ಕೇಳಿದಳು.

ವಿಲ್ಸನ್ ಗಾರ್ಡನ್ನಿನಲ್ಲಿ ಅವಳು ಯಾರಿಗೂ ಏನನ್ನೂ ಬೋಧಿಸಲಿಲ್ಲ. ನಾಗಲಕ್ಷ್ಮಮ್ಮನ ಜೊತೆ ಆಸ್ಪತ್ರೆಗೆ ಹೋಗಿ ಹೆಂಗಸರ ವಾರ್ಡಿನಲ್ಲಿ, ಮನೆಯವರು ಬಿಟ್ಟುಹೋದ ರೋಗಿಗಳ ಕೆಲಸಕ್ಕೆ ನಿಂತಳು. ಬೆನ್ನು ಒರೆಸುವುದು, ಕೂದಲು ಬಿಡಿಸುವುದು, ಗಂಜಿ ಕುಡಿಸುವುದು. ಸಾಯುವವರು ಕೈ ಹಿಡಿದುಕೊಂಡರೆ ಬಿಡಿಸಿಕೊಳ್ಳದೆ ಕೂರುವುದು. "ಒಂದ್ ನಾಕು ಒಳ್ಳೆ ಮಾತು ಹೇಳಿ ಟೀಚರಮ್ಮ, ನಿಮ್ ಬುದ್ಧಂದು" ಎಂದು ನಾಗಲಕ್ಷ್ಮಮ್ಮ ಹೇಳಿದರೆ ಅವಳು ತಲೆಯಲ್ಲಾಡಿಸಿ, ತಟ್ಟೆ ತೊಳೆಯಲು ಎದ್ದುಹೋಗುತ್ತಿದ್ದಳು. ಪರವಾನಗಿಯನ್ನು ವರ್ಷವರ್ಷವೂ ಗೋಗರೆದು ಬೆಳೆಸಿಕೊಳ್ಳುತ್ತಿದ್ದಳು. ಕೂದಲು ಪೂರ್ತಿ ನರೆಯಿತು. ಮೊಣಕಾಲು ಹಿಡಿದುಕೊಂಡು ಹತ್ತುವುದು ಇಳಿಯುವುದು ಕಷ್ಟವಾಯಿತು.

೧೯೮೮ರ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಉದ್ದನೆಯ ಜಡೆ, ಕನಕಾಂಬರ, ಗಾರ್ಮೆಂಟ್ ಫ್ಯಾಕ್ಟರಿಯ ಹುಡುಗಿಯರು ಹಿಡಿಯುವಂಥ ಊಟದ ಬ್ಯಾಗು. ಎಡಗೈ ಸೆರಗಿನೊಳಗಿತ್ತು.

"ನಾನು ಸೆಲ್ವಿ."

ಮೆನಿಕೆ ಥಟ್ಟನೆ ಮುಖ ಪಕ್ಕಕ್ಕೆ ತಿರುಗಿಸಿದಳು. ಕೈಯಲ್ಲಿದ್ದ ಒದ್ದೆ ಬಟ್ಟೆ ನೆಲಕ್ಕೆ ಬಿತ್ತು.

"ತಿರುಗಬೇಡಿ" ಎಂದಳು ಹುಡುಗಿ. ಮಾತು ಅಪ್ಪಟ ಬೆಂಗಳೂರು ಕನ್ನಡ. "ನೋಡೋಕೇ ಬಂದಿದ್ದು. ಮುನಿಯಕ್ಕ ಅಡ್ರೆಸ್ ಕೊಟ್ರು. ದೊಡ್ಡಮ್ಮಂಗೆ ಗೊತ್ತಿಲ್ಲ."

"ಒಳಗೆ ಬಾ."

"ಇಲ್ಲ, ಇಲ್ಲೇ ನಿಂತ್ಕೋತೀನಿ."

ಮೆನಿಕೆ ನಿಧಾನವಾಗಿ ಮುಖ ತಿರುಗಿಸಿ ಅವಳೆದುರು ನಿಂತಳು. ಎಲ್ಲಿ ನೋಡಬೇಕೆಂದು ತಿಳಿಯದೆ ಹುಡುಗಿಯ ಚಪ್ಪಲಿಗಳನ್ನು ನೋಡಿದಳು. ಹುಡುಗಿಯ ಉಸಿರು ಜೋರಾಗಿ ಕೇಳುತ್ತಿತ್ತು. ಒಂದು ಹೆಜ್ಜೆ ಹಿಂದೆ ಇಟ್ಟಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ ಜಾಗದಲ್ಲೇ ನಿಂತಳು.

"ನಂಗೆ ಮದ್ವೆ" ಎಂದಳು. "ತಿಲಕನಗರದವರು. ರಾತ್ರಿ ಕನಸಲ್ಲಿ ಕಿರುಚಿಕೊಳ್ತೀನಿ. ಅವರ ಮನೇಲಿ ಹಂಗೆ ಕಿರುಚೋಕಾಗಲ್ಲ. ಅದಕ್ಕೆ, ಒಂದ್ಸಲ ನೋಡೋಣ ಅಂತ. ನೋಡೋಕಾಗುತ್ತೋ ಇಲ್ವೋ ಅಂತ."

"ಆಗ್ತಿದೆಯಾ?"

"ಗೊತ್ತಿಲ್ಲ." ಹುಡುಗಿ ಕೆನ್ನೆ ಒರೆಸಿಕೊಂಡಳು. "ನಿಮ್ಮಣ್ಣ ಬದುಕಿದ್ದಾರಾ?"

"ಇದ್ದಾನೆ."

"ಇರಲಿ" ಎಂದಳು ಸೆಲ್ವಿ.

ಅದು ಕ್ಷಮೆಯೋ ಶಾಪವೋ ಮೆನಿಕೆಗೆ ತಿಳಿಯಲಿಲ್ಲ, ಕೇಳುವ ಹಕ್ಕು ತನಗಿಲ್ಲವೆಂದುಕೊಂಡಳು. ಹುಡುಗಿ ಮದುವೆಯ ದಿನ ಯಾವುದೆಂದು ಹೇಳಲಿಲ್ಲ, ಬನ್ನಿ ಎನ್ನಲಿಲ್ಲ. ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಬಂದ ದಾರಿಯಲ್ಲೇ ಹೊರಟಳು. ಬೀದಿಯ ಕೊನೆಯ ತನಕ ಮೆನಿಕೆ ನೋಡಿದಳು. ನಡಿಗೆ ಸಮನಾಗಿತ್ತು, ಓಡಲಿಲ್ಲ.

ಮದುವೆ ಆದದ್ದನ್ನು ಮುನಿಯಕ್ಕ ಬಂದಾಗ ಹೇಳಿದಳು. ಗಂಡ ಒಳ್ಳೆಯವನು, ಬಾಳೆಕಾಯಿ ಮಂಡಿಯಲ್ಲಿ ಕೆಲಸ. ಕಿರುಚುವುದು ನಿಂತಿದೆಯೇ ಎಂದು ಮೆನಿಕೆ ಕೇಳಿದಳು. ಮುನಿಯಕ್ಕನಿಗೆ ಅದು ಗೊತ್ತಿರಲಿಲ್ಲ. ಚೂಡಾಮಣಿಗೆ ಕಣ್ಣು ಮಂಜಾಗಿದೆ, ಈಗ ಬತ್ತಿ ಹೊಸೆಯಲಾಗುವುದಿಲ್ಲ ಎಂದಷ್ಟು ಹೇಳಿ, ಸೆರಗಿನ ಗಂಟಿನಿಂದ ಎಲೆ ಅಡಿಕೆ ಬಿಚ್ಚಿದಳು. ಮೆನಿಕೆ ಎದ್ದು ಒಲೆಯ ಮೇಲೆ ಟೀ ಇಟ್ಟಳು. ಟೀ ಕುಡಿದು ಇಬ್ಬರೂ ಬಸ್ ಸ್ಟಾಪಿನ ತನಕ ಒಟ್ಟಿಗೆ ನಡೆದರು. ಬೈರಸಂದ್ರದ ಬಸ್ಸು ಹೋದ ಮೇಲೆ ಮೆನಿಕೆ ಮೊಣಕಾಲು ಹಿಡಿದುಕೊಂಡು ಆಸ್ಪತ್ರೆಯ ಕಡೆ ತಿರುಗಿದಳು.